ಒಂದು ವರ್ಷ, ಐದು ಧ್ವನಿಮುದ್ರಿಕೆಗಳು

ದೀಪಾವಳಿಯಲ್ಲಿ ಅಂಗಡಿಯವರು ಹಳೆಯ ಖಾತೆಯನ್ನು ಮುಚ್ಚಿ ಹೊಸ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಬಾನುಲಿಯವರಿಗೂ ಇಂಥದೊಂದು ಲೆಕ್ಕದ ದಿನವುಂಟು. ರೇಡಿಯೋ ಸಿಲೋನಿನಲ್ಲಿ 1952ರಲ್ಲಿ ಆರಂಭವಾದ ಬಿನಾಕಾ ಗೀತಮಾಲೆಯನ್ನು ಕೇಳಿ ಬೆಳೆದವರಿಗೆ ವರ್ಷಾಂತ್ಯದ ಆ ಪಟ್ಟಿ ಹುಟ್ಟಿಸುತ್ತಿದ್ದ ಕುತೂಹಲ ನೆನಪಿರಬಹುದು. ಜಾಸ್ ಸಂಗೀತವನ್ನೇ ಬಿತ್ತರಿಸುವ ಅಮೆರಿಕದ ಬಾನುಲಿ ಕೇಂದ್ರಗಳೂ ಹೀಗೆಯೇ ತಮ್ಮ ಮೆಚ್ಚಿನ ಧ್ವನಿಮುದ್ರಿಕೆಗಳ ಪಟ್ಟಿಯನ್ನು ಪ್ರಕಟಿಸುತ್ತವೆ. ಅಂಥ ಪಟ್ಟಿಯನ್ನು ಕಂಡಾಗಲೆಲ್ಲ ನನ್ನಲ್ಲೊಂದು ಪ್ರಶ್ನೆ ಏಳುತ್ತದೆ. ಒಂದು ವರ್ಷದ ಸಂಗೀತವನ್ನು ಆ ವರ್ಷವೇ ತೂಗಿ ಹೇಳಲು ಸಾಧ್ಯವೇ? ಇದಕ್ಕೆ ಉತ್ತರವಾಗಿ 1959ನೆಯ ಇಸವಿಯನ್ನು ನಿಮ್ಮ ಮುಂದಿಡುತ್ತೇನೆ.

ಜಾಸ್ ಎಂದರೆ ಗದ್ದಲವೆಂದು ನಮ್ಮಲ್ಲಿ ಹಲವರ ಎಣಿಕೆ. ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಈ ಸಂಗೀತದ ಜೀವಾಳ ನಾವು ಮನೋಧರ್ಮವೆಂದು ಕರೆಯುವ ಗುಣವೇ ಆಗಿದೆ. ಒಂದು ಹಾಡಿನ ಚೌಕಟ್ಟನ್ನು ಹಿಡಿದು ಕಲಾವಿದ ಆ ಕ್ಷಣದಲ್ಲಿ ಹೊಳೆದುದನ್ನು ನುಡಿಸುತ್ತಾನೆ. ಇದನ್ನು ಲೋಕಕ್ಕೆಲ್ಲ ಕೇಳಿಸಿದವರಲ್ಲಿ ವಿಲ್ಲಿಸ್ ಕನೋವರ್ ಮುಖ್ಯರು. ‘ವಾಯ್ಸ್ ಆಫ್ ಅಮೆರಿಕ’ದಲ್ಲಿ 1955ರಿಂದ ಅವರು ನಡೆಸಿದ ಜಾಸ್ ಕಾರ್ಯಕ್ರಮಕ್ಕೆ ಪೂರ್ವ ಯೂರೋಪಿನಲ್ಲಿ ಅಸಂಖ್ಯ ಶ್ರೋತೃಗಳಿದ್ದರು. ಪರಭಾಷಿಕರಿಗೂ ತಿಳಿಯಲೆಂದು ಅವರು ಒಂದೊಂದು ಮಾತನ್ನೂ ಬಿಡಿಸಿ, ನಿಧಾನವಾಗಿ ಆಡುತ್ತಿದ್ದರು. ವಿಚಿತ್ರವೆಂದರೆ, ಆ ಪ್ರಸಾರವನ್ನು ಸ್ವದೇಶದ ಶ್ರೋತೃಗಳಿಗೆ ಬಿತ್ತರಿಸದಂತೆ 1948ರ ಕಾನೂನು ತಡೆದಿತ್ತು. ಹೊರಗೆ ಮನೆಮಾತಾದ ಕನೋವರ್ 1996ರಲ್ಲಿ ತೀರಿಕೊಂಡಾಗ ಸ್ವದೇಶದಲ್ಲಿ ಅವರನ್ನು ಬಲ್ಲವರು ಕಡಿಮೆ.

1959ರಲ್ಲಿ ನ್ಯೂಯಾರ್ಕಿನ ಮೂವತ್ತನೆಯ ಬೀದಿಯಲ್ಲಿ ಹಳೆಯ ಚರ್ಚಿನ ಕಟ್ಟಡವೊಂದು ಕೊಲಂಬಿಯಾ ಕಂಪನಿಯ ಧ್ವನಿಮುದ್ರಣ ಶಾಲೆಯಾಗಿತ್ತು. ಮಾರ್ಚ್ 2 ಮತ್ತು ಏಪ್ರಿಲ್ 22ರಂದು ಮೈಲ್ಸ್ ಡೇವಿಸ್ ಅಲ್ಲಿ ‘ಕೈಂಡ್ ಆಫ್ ಬ್ಲೂ’ವನ್ನು ಮುದ್ರಿಸಿದರು. ಪೂರ್ಣವಾಗಿ ಬರೆದ ಸಂಗೀತವನ್ನು ಅವರು ಸಂಗಡಿಗರಿಗೆ ಕೊಡಲಿಲ್ಲ. ಕೊಟ್ಟದ್ದು ಕೇವಲ ರೂಪರೇಖೆ. ಬೇಗ ಬೇಗ ಬದಲಾಗುವ ಸ್ವರಮೇಳಗಳನ್ನು ಬಿಟ್ಟು, ಒಂದೇ ಸ್ವರಶ್ರೇಣಿಯಲ್ಲಿ ನಿಂತು ವಿಸ್ತರಿಸುವ ರೀತಿಯನ್ನು ಹಿಡಿದರು. ಆಲಾಪನೆಗೆ ಒಗ್ಗಿದ ನಮ್ಮ ಕಿವಿಗೆ ಅದರ ನಿಧಾನ ಪರಕೀಯವೆನಿಸದು. 2019ರ ಹೊತ್ತಿಗೆ ಅಮೆರಿಕದಲ್ಲಿಯೇ ಅದಕ್ಕೆ 50 ಲಕ್ಷ ಪ್ರತಿಗಳ ಮಾನ್ಯತೆ ದೊರೆತಿತ್ತು.

ಅದೇ ಶಾಲೆಯಲ್ಲಿ, ಅದೇ ಬೇಸಗೆಯಲ್ಲಿ, ಡೇವ್ ಬ್ರೂಬೆಕ್ ಅವರ ‘ಟೈಮ್ ಔಟ್’ ಸಿದ್ಧವಾಯಿತು. ಹಿಂದಿನ ವರ್ಷ ಅಮೆರಿಕ ಸರ್ಕಾರ ಅವರ ತಂಡವನ್ನು ಪೋಲೆಂಡ್, ತುರ್ಕಿ, ಭಾರತ ಮೊದಲಾದ ದೇಶಗಳಿಗೆ ಕಳುಹಿಸಿತ್ತು. ಇಸ್ತಾನ್‌ಬುಲ್ಲಿನ ಬೀದಿಯಲ್ಲಿ ಕಿವಿಗೆ ಬಿದ್ದ ಒಂಬತ್ತೆಣಿಕೆಯ ಲಯ ಬ್ರೂಬೆಕ್‌ರನ್ನು ಹಿಡಿಯಿತು. ನಮ್ಮ ಸೊಲ್ಲುಕಟ್ಟಿನಲ್ಲಿ ಹೇಳುವುದಾದರೆ ಅದು ತಕ ತಕ ತಕ ತಕಿಟ. ಪಾಲ್ ಡೆಸ್ಮಂಡ್ ರಚಿಸಿದ ‘ಟೇಕ್ ಫೈವ್’ ಐದೆಣಿಕೆಯದು. ಅದನ್ನು ಮೊದಲು ಕೇಳಿದಾಗ ನನ್ನ ಕೈ ತಾನಾಗಿ ತೊಡೆಯ ಮೇಲೆ ಖಂಡಚಾಪು ಹಾಕತೊಡಗಿ, ಎರಡು ಆವರ್ತ ಕಳೆಯುವಷ್ಟರಲ್ಲಿ ತಪ್ಪಿತು. ನಮ್ಮದು ತಕ ತಕಿಟ. ಅವರದು ತಕಿಟ ತಕ. ಈ ತಟ್ಟೆ ಪೇಟೆಗೆ ಬಂದದ್ದು ಡಿಸೆಂಬರಿನಲ್ಲಿ. ವರ್ಷದ ಪಟ್ಟಿ ಬರೆಯುವವರ ಲೇಖನಿ ಆ ವೇಳೆಗೆ ಕೆಳಗಿಳಿದಿರುತ್ತದೆ. ‘ಟೇಕ್ ಫೈವ್’ ಜನಪ್ರಿಯವಾದದ್ದು 1961ರಲ್ಲಿ.

ಆ ಶಾಲೆಯಿಂದಲೇ ಹೊರಟ ಮೂರನೆಯದು ಚಾರ್ಲ್ಸ್ ಮಿಂಗಸ್‌ರ ‘ಮಿಂಗಸ್ ಆ ಅಮ್’. ಮಾರ್ಚಿಯಲ್ಲಿ ತೀರಿಕೊಂಡ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್‌ರಿಗೆ ಅರ್ಪಿಸಿದ ಶೋಕಗೀತವೊಂದು ಅದರಲ್ಲಿದೆ. ಇನ್ನೊಂದು ರಚನೆ ಅರ್ಕನ್ಸಾದ ಗವರ್ನರ್ ಫಾಬಸ್‌ನನ್ನು ಅಣಕಿಸುತ್ತದೆ. 1957ರಲ್ಲಿ ಲಿಟ್ಲ್ ರಾಕ್ ಶಾಲೆಗೆ ಸೇರಲು ಬಂದ ಒಂಬತ್ತು ಕಪ್ಪು ಮಕ್ಕಳನ್ನು ತಡೆಯಲು ಸೈನಿಕರನ್ನು ನಿಲ್ಲಿಸಿದ ವ್ಯಕ್ತಿ ಆತ. ಆ ಮುದ್ರಿಕೆಯಲ್ಲಿ ವಾದ್ಯಗಳುಂಟು, ಮಾತಿಲ್ಲ. ಮಾತುಗಳೊಡನೆ ಅದು ಹೊರಬಂದದ್ದು ಮರುವರ್ಷ, ಬೇರೊಂದು ಕಂಪನಿಯಿಂದ.

ನಾಲ್ಕನೆಯದು ಆರ್ನೆಟ್ ಕೋಲ್ಮನ್‌ರ ‘ದಿ ಶೇಪ್ ಆಫ್ ಜಾಸ್ ಟು ಕಮ್’. ಸ್ವರಮೇಳದ ಆಸರೆ ಕೊಡುವ ಪಿಯಾನೋ ಅದರಲ್ಲಿಲ್ಲ. ನವೆಂಬರಿನಲ್ಲಿ ಅವರು ನ್ಯೂಯಾರ್ಕಿನ ‘ಫೈವ್ ಸ್ಪಾಟ್’ನಲ್ಲಿ ಪ್ಲಾಸ್ಟಿಕ್ಕಿನ ಸ್ಯಾಕ್ಸೊಫೋನ್ ಹಿಡಿದು ನಿಂತಾಗ ಕೆಲವರು ಪ್ರತಿಭೆಯೆಂದರು, ಕೆಲವರು ಮೋಸವೆಂದರು. ನಾನೂ ಮೊದಲ ಸಲ ಅರ್ಧಕ್ಕೇ ಮುಳ್ಳನ್ನೆತ್ತಿ ತಟ್ಟೆಯನ್ನು ಬದಿಗಿಟ್ಟವನು. ಆ ಅಪಸ್ವರದಂತಹ ಕರೆಯಲ್ಲಿ ಮನುಷ್ಯನ ಕೊರಳಿದೆಯೆಂದು ತಿಳಿಯಲು ನನಗೆ ವರ್ಷಗಳು ಬೇಕಾದವು. 2007ರಲ್ಲಿ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂದಾಗ ಒಳಗೊಳಗೇ ನಾಚಿದೆ. ಐದನೆಯದಾದ ಜಾನ್ ಕೋಲ್ಟ್ರೇನ್‌ರ ‘ಜಯಂಟ್ ಸ್ಟೆಪ್ಸ್’ನ ಬಹುಭಾಗ ಮೇ ತಿಂಗಳಲ್ಲೇ ಮುದ್ರಣವಾಗಿತ್ತಾದರೂ ಪೇಟೆಗೆ ಬಂದದ್ದು 1960ರಲ್ಲಿ. ಡೇವಿಸ್‌ರ ಜೊತೆ ಒಂದೇ ಶ್ರೇಣಿಯಲ್ಲಿ ತಂಗಿದ್ದ ಕಲಾವಿದ ಇಲ್ಲಿ ಮಿಂಚಿನಂತೆ ಬದಲಾಗುವ ಸ್ವರಮೇಳಗಳ ಮೇಲೆ ಓಡುತ್ತಾರೆ.

ಇವು ಪಟ್ಟಿಗೆ ಸಿಕ್ಕುವ ಮಾತುಗಳಾದವು; ಸಿಕ್ಕದವೂ ಇವೆ. ಜುಲೈ 17ರಂದು ಗಾಯಕಿ ಬಿಲ್ಲಿ ಹಾಲಿಡೇ ತೀರಿಕೊಂಡರು. ‘ಕೈಂಡ್ ಆಫ್ ಬ್ಲೂ’ ಬಿಡುಗಡೆಯಾದದ್ದು ಆಗಸ್ಟ್ 17ರಂದು. ಎಂಟು ದಿನಗಳ ಮೇಲೆ, ತಾವು ನುಡಿಸುತ್ತಿದ್ದ ‘ಬರ್ಡ್‌ಲ್ಯಾಂಡ್’ ಸಭಾಗೃಹದ ಹೊರಗೆ ಬಿಡುವಿನಲ್ಲಿ ನಿಂತಿದ್ದ ಡೇವಿಸ್‌ರ ತಲೆಯನ್ನು ಪೊಲೀಸರು ರಕ್ತ ಸುರಿಯುವಂತೆ ಹೊಡೆದರು. ಬಾಗಿಲ ಮೇಲೆ ಅವರ ಹೆಸರೇ ಬೆಳಗುತ್ತಿತ್ತು. ಬ್ರೂಬೆಕ್‌ರ ತಂಡದಲ್ಲಿ ಯೂಜೀನ್ ರೈಟ್ ಎಂಬ ಕಪ್ಪು ಕಲಾವಿದರಿದ್ದ ಕಾರಣಕ್ಕೆ 1960ರ ಆರಂಭದಲ್ಲಿ ದಕ್ಷಿಣದ ಹಲವು ಕಾಲೇಜುಗಳು ಕಚೇರಿಗೆ ಒಪ್ಪಲಿಲ್ಲ. ಅವರನ್ನು ಬಿಟ್ಟು ಬರಲು ಬ್ರೂಬೆಕ್ ಒಪ್ಪಲಿಲ್ಲ. ಹೊರನಾಡಿಗೆ ಸ್ವಾತಂತ್ರ್ಯದ ಸಂಕೇತವಾಗಿ ಕೇಳಿಸುತ್ತಿದ್ದ ಸಂಗೀತಗಾರರಿಗೆ ತಮ್ಮ ಊರಿನ ಕಾಲುದಾರಿಯ ಮೇಲೆ ನಿಲ್ಲುವ ಸ್ವಾತಂತ್ರ್ಯವಿರಲಿಲ್ಲ. ಈ ಐದು ಮುದ್ರಿಕೆಗಳನ್ನು ಕೇಳುವಾಗ ಆ ರಕ್ತವನ್ನು ಮರೆಯಬಾರದೆಂದು ನಾನು ತಿಳಿದಿದ್ದೇನೆ.

ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಉಳಿಸಿಕೊಳ್ಳಲೇಬೇಕಾದ ಧ್ವನಿಮುದ್ರಣಗಳ ಪಟ್ಟಿಯೊಂದನ್ನು ಬೆಳೆಸುತ್ತಿದೆ. ‘ಕೈಂಡ್ ಆಫ್ ಬ್ಲೂ’ ಅದಕ್ಕೆ ಸೇರಿದ್ದು 2002ರ ಸಾಲಿನಲ್ಲಿ. ಕೋಲ್ಮನ್‌ರ ಕೃತಿ ಸೇರಿದ್ದು 2012ರ ಸಾಲಿನಲ್ಲಿ. ಉಳಿದ ಮೂರು ಆ ನಡುವೆ. ಒಂದು ವರ್ಷದ ಪಟ್ಟಿ ಪೂರ್ತಿಯಾಗಲು ಐವತ್ತು ವರ್ಷಗಳೇ ಹಿಡಿದವು.

ಕೊನೆಯದಾಗಿ ನಮ್ಮ ಊರಿನ ಮಾತೊಂದು. ಲೆಸ್ಟರ್ ಯಂಗ್‌ರ ಶೋಕಗೀತದಲ್ಲಿ ಕೊರಗುವ ಆ ಸ್ಯಾಕ್ಸೊಫೋನ್ ಜಾನ್ ಹ್ಯಾಂಡಿಯವರದು. ಅದು ಮುದ್ರಣವಾದಾಗ ಬಂಟ್ವಾಳದ ಹತ್ತಿರದ ಸಜಿಪಮೂಡದಲ್ಲಿ ನಾಗಸ್ವರ ವಾದಕರ ಮನೆಯ ಹುಡುಗನೊಬ್ಬನಿಗೆ ಹತ್ತರ ಆಸುಪಾಸಿನ ವಯಸ್ಸು. ಮುಂದೆ ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಸ್ಯಾಕ್ಸೊಫೋನನ್ನು ಕಂಡು ಮನಸೋತು, ಅದರಲ್ಲಿ ಕರ್ನಾಟಕ ಸಂಗೀತವನ್ನು ಪಳಗಿಸಿದ ಕದ್ರಿ ಗೋಪಾಲನಾಥರೇ ಆ ಹುಡುಗ. 1980ರ ಮುಂಬಯಿ ಜಾಸ್ ಉತ್ಸವದಲ್ಲಿ ಅವರ ವಾದನವನ್ನು ಕೇಳಿದ ಹ್ಯಾಂಡಿ, ತಾವೂ ಜೊತೆಯಲ್ಲಿ ನುಡಿಸಬಹುದೇ ಎಂದು ಕೇಳಿ ವೇದಿಕೆ ಏರಿದರು. ಗೋಪಾಲನಾಥರ ಹೆಸರು ದೂರ ದೂರ ಹಬ್ಬಿದ್ದು ಅಲ್ಲಿಂದ ಮುಂದೆ. 1959ರ ಲೆಕ್ಕದಲ್ಲಿ ಈ ಜಮೆಯನ್ನು ಯಾವ ಬಾನುಲಿ ಕೇಂದ್ರ ತಾನೇ ಬರೆದುಕೊಳ್ಳಬಲ್ಲದಾಗಿತ್ತು? ಪಟ್ಟಿಗಳು ಇರಲಿ, ಹೊಸದನ್ನು ಕೇಳಲು ಅವು ನಮ್ಮನ್ನು ಕರೆಯುತ್ತವೆ. ಆದರೆ ಖಾತೆಯನ್ನು ಮುಚ್ಚುವ ಆತುರ ಬೇಡ.