ಎಳೆಯುವುದೊಂದು, ಸಡಿಲುವುದೊಂದು

ಈ ಪುಟವನ್ನು ಮೇಜಿನ ಮೇಲಿಟ್ಟು, ಎಡಗೈಯಿಂದ ಬಲರಟ್ಟೆಯನ್ನು ಹಿಡಿದುಕೊಳ್ಳಿರಿ. ಈಗ ಬಲ ಮೊಣಕೈಯನ್ನು ಬಿಗಿಯಾಗಿ ಮಡಚಿರಿ. ರಟ್ಟೆಯ ಮುಂಭಾಗದ ಸ್ನಾಯು ಗಟ್ಟಿಯಾಗುವುದು ಬೆರಳಿಗೇ ತಿಳಿಯುತ್ತದೆ. ಬಳಿಕ ಅಂಗೈಯಿಂದ ಮೇಜನ್ನು ಕೆಳಕ್ಕೆ ಒತ್ತಿರಿ. ಈ ಬಾರಿ ಗಟ್ಟಿಯಾಗುವುದು ಹಿಂಭಾಗದ ಸ್ನಾಯು, ಮುಂದಿನದು ಮೆದುವಾಗುತ್ತದೆ. ಸ್ನಾಯು ಎಳೆಯಬಲ್ಲುದೇ ಹೊರತು ತಳ್ಳಲಾರದು. ಆದುದರಿಂದಲೇ ಕೀಲನ್ನು ಮಡಚಲು ಒಂದು ಬಣ, ನೀಡಲು ಇನ್ನೊಂದು ಬಣ. ಕನ್ನಡ ಪಾಠ ಹೇಳುವ ನನ್ನಂಥವನಿಗೆ ಇದು ದ್ವಂದ್ವ ಸಮಾಸದಂತೆ ತೋರುತ್ತದೆ: ಇಲ್ಲಿ ಎರಡು ಪದಗಳಿಗೂ ಪ್ರಾಧಾನ್ಯ.

ಈ ಸಂಗತಿಯನ್ನು ಪುಸ್ತಕಕ್ಕಿಂತ ಮೊದಲು ದುಡಿಮೆ ಬಲ್ಲುದು. ದಂಡಿನಶಿವರದ ತೆಂಗಿನ ತೋಟದಲ್ಲಿ ಮರ ಹತ್ತುವವನನ್ನು ನೋಡಿರಿ. ಪಾದಗಳಿಗೆ ಹಗ್ಗದ ಬಳೆ ತೊಡಿಸಿ, ತೋಳು ಮಡಚಿ ಮೈಯನ್ನು ಮರಕ್ಕೆ ಸೆಳೆದುಕೊಳ್ಳುತ್ತಾನೆ. ಮಂಡಿಯನ್ನು ನೀಡಿ ಮೇಲಕ್ಕೇರುತ್ತಾನೆ. ಮಡಚು, ನೀಡು, ಮಡಚು, ನೀಡು. ನಡುವೆ ನಿಂತು ಕಾಯಿ ಕೀಳುವಾಗ ಮಾತ್ರ ಎರಡು ಬಣಗಳೂ ಒಟ್ಟಿಗೆ ಬಿಗಿದು ಕೀಲನ್ನು ಅಲುಗದಂತೆ ಹಿಡಿಯುತ್ತವೆ.

ಇಂತಹ ಏರಾಟವನ್ನು ಕನ್ನಡ ನಾಡಿನ ಅರಸನೊಬ್ಬ ಗ್ರಂಥಕ್ಕೇರಿಸಿದನು. ಕಲ್ಯಾಣದಿಂದ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಜಟ್ಟಿಗಳ ವರ್ಗ, ಆಹಾರ, ಅಭ್ಯಾಸಗಳೆಲ್ಲವೂ ಅಲ್ಲಿ ಹೇಳಲ್ಪಟ್ಟಿವೆ. ಭಾರ ಹೊರುವುದು, ನಡೆಯುವುದು, ಈಜುವುದು, ಕಂಬದ ಮೇಲೆ ಸಾಧನೆ ಮಾಡುವುದು – ಇವು ಅವರ ದಿನಚರಿ. ಒಂದೇ ಅಂಗಕ್ಕೆ ಅಂಟಿಕೊಳ್ಳದೆ ಇಡೀ ಮೈಗೆ ದುಡಿಮೆ ಹಂಚಿದ ಕ್ರಮವಿದು.

ಕುಸ್ತಿಯ ಕಣದಿಂದ ವೈದ್ಯರ ಕಡೆಗೆ ಬರೋಣ. ನಮ್ಮ ಸುಶ್ರುತ ಸಂಹಿತೆಯು ದೇಹದಲ್ಲಿ 500 ಪೇಶಿಗಳನ್ನು ಎಣಿಸಿತು. ಅವುಗಳಲ್ಲಿ 400 ಕೈಕಾಲುಗಳಲ್ಲಿವೆ ಎಂದಿತು. ಅತ್ತ, ಎರಡನೆಯ ಶತಮಾನದಲ್ಲಿ ಗ್ಯಾಲೆನ್ ಎಂಬ ಗ್ರೀಕ್ ವೈದ್ಯನು ಪೆರ್ಗಮಂ ಪಟ್ಟಣದ ಕಾಳಗದಾಳುಗಳ ಗಾಯಗಳಿಗೆ ಚಿಕಿತ್ಸೆ ಮಾಡುತ್ತಿದ್ದನು. ಸಂಕೋಚವೇ ಸ್ನಾಯುವಿನ ಕೆಲಸ, ಕುಗ್ಗಿದ್ದನ್ನು ಮರಳಿ ಹಿಗ್ಗಿಸುವುದು ಅದರ ಎದುರಾಳಿ ಎಂದು ಅವನು ಬರೆದಿಟ್ಟನು.

ಆದರೆ ಎದುರಾಳಿಯು ತಕ್ಕ ಸಮಯಕ್ಕೆ ದಾರಿ ಬಿಡುವುದು ಹೇಗೆ? ಇದಕ್ಕೆ ಉತ್ತರ ಸಿಗಲು ಹದಿನೇಳು ಶತಮಾನಗಳೇ ಹಿಡಿದವು. 1890ರ ದಶಕದಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ಅವರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಮಂಡಿ ಮಡಚುವ ಸ್ನಾಯುವನ್ನು ಕೆರಳಿಸಿದಾಗ ನೀಡುವ ಸ್ನಾಯು ಸಡಿಲಗೊಳ್ಳುವುದೆಂದೂ, ಆ ಏರ್ಪಾಡು ಬೆನ್ನುಹುರಿಯಲ್ಲಿದೆಯೆಂದೂ ತೋರಿಸಿದರು. ಎಂದರೆ, ಬಿಟ್ಟುಕೊಡುವುದೂ ದೇಹವು ಆಜ್ಞೆಯಿಂದ ನಡೆಸುವ ಕಾರ್ಯವೇ! ನರಕೋಶಗಳ ಕಾರ್ಯವನ್ನು ಕುರಿತ ಶೋಧನೆಗಳಿಗಾಗಿ 1932ರಲ್ಲಿ ಅವರಿಗೂ ಏಡ್ರಿಯನ್ ಅವರಿಗೂ ನೊಬೆಲ್ ಪಾರಿತೋಷಕ ಬಂದಿತು. 1954ರಲ್ಲಿ ಹಕ್ಸ್‌ಲಿ ಎಂಬ ಒಂದೇ ಹೆಸರಿನ ಇಬ್ಬರು ವಿಜ್ಞಾನಿಗಳು, ತಮ್ಮ ತಮ್ಮ ಸಂಗಡಿಗರೊಡನೆ, ಸ್ನಾಯುವಿನೊಳಗಿನ ಸೂಕ್ಷ್ಮ ಎಳೆಗಳು ಒಂದರ ನಡುವೆ ಒಂದು ಜಾರುವುದರಿಂದಲೇ ಸಂಕೋಚವುಂಟಾಗುವುದೆಂದು ಬೇರೆ ಬೇರೆಯಾಗಿ ಪ್ರಕಟಿಸಿದರು.

ಇದೇ ಅವಧಿಯಲ್ಲಿ ಬೆಂಗಳೂರಿನಲ್ಲಿ ‘ಶಾಂತಲಾ’ ಕಾದಂಬರಿಯ ಕರ್ತೃ ಕೆ. ವಿ. ಅಯ್ಯರ್ ಅವರು ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸುತ್ತಿದ್ದರು. ಭಾರದ ಸಾಧನೆಯೊಂದಿಗೆ ಆಸನ, ಸೂರ್ಯನಮಸ್ಕಾರಗಳನ್ನೂ ಅವರು ಕಲಿಸಿದರು. ಸೂರ್ಯನಮಸ್ಕಾರವನ್ನೇ ಗಮನಿಸಿರಿ: ಮುಂದಕ್ಕೆ ಬಾಗಿದ ಮೈ ಮರುಗಳಿಗೆ ಹಿಂದಕ್ಕೆ ಬಾಗುತ್ತದೆ. ಒಮ್ಮೆ ಹಿಗ್ಗಿದ ಬಣ ಇನ್ನೊಮ್ಮೆ ಕುಗ್ಗುತ್ತದೆ.

ಇಷ್ಟನ್ನೆಲ್ಲ ನಾನು ಓದಿದ್ದಕ್ಕೆ ಕಾರಣ ನನ್ನದೇ ಒಂದು ತಪ್ಪು. ಒಮ್ಮೆ ಶಾಲೆಯ ಕ್ರೀಡೋತ್ಸವಕ್ಕೆ ಹುಡುಗರನ್ನು ಸಿದ್ಧಗೊಳಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಚುರುಕಾದ ಹುಡುಗನೊಬ್ಬನಿಂದ ದಿನವೂ ಬಸ್ಕಿ ಹೊಡೆಸಿ, ಓಡಿಸಿದೆ. ಅವನ ಮುಂದೊಡೆ ಉಬ್ಬಿದುದನ್ನು ಕಂಡು ಹಿಗ್ಗಿದೆ. ಹಿಂದೊಡೆಯನ್ನು ಮರೆತೆ. ನೂರು ಮೀಟರ್ ಓಟದ ನಡುವೆಯೇ ಅವನು ಹಿಂದೊಡೆ ಹಿಡಿದುಕೊಂಡು ಕುಸಿದನು. ಓಟಗಾರನ ಕಾಲು ಮುಂದಕ್ಕೆ ಚಿಮ್ಮಿದಾಗ ಅದನ್ನು ತಡೆದು ನಿಲ್ಲಿಸಬೇಕಾದುದು ಹಿಂದೊಡೆಯ ಸ್ನಾಯು. ಅದು ಹಿಗ್ಗುತ್ತಲೇ ಬಿಗಿಹಿಡಿಯಬೇಕು. ಬಲ ಸಾಲದಿದ್ದರೆ ಹರಿಯುವ ಭಯ ಹೆಚ್ಚು. “ಮೇಷ್ಟ್ರೇ, ಮುಂದಿನ ವರ್ಷ ಓಡ್ತೀನಿ ಬಿಡಿ” ಎಂದು ಹುಡುಗನೇ ನನ್ನನ್ನು ಸಮಾಧಾನಪಡಿಸಿದನು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ನಿಮ್ಮ ಮನೆಯ ಮಕ್ಕಳು ಕನ್ನಡಿಯ ಮುಂದೆ ನಿಂತು ರಟ್ಟೆ ಉಬ್ಬಿಸಿ ತೋರಿಸಿದರೆ ಮೆಚ್ಚಿಕೊಳ್ಳಿರಿ. ಆದರೆ ಕನ್ನಡಿಗೆ ಕಾಣದ ಬೆನ್ನು, ಹಿಂದೊಡೆ, ರಟ್ಟೆಯ ಹಿಂಭಾಗಗಳನ್ನೂ ಒಮ್ಮೆ ವಿಚಾರಿಸಿರಿ. ಎದುರಾಳಿಯೆಂದು ನಾವು ಹೆಸರಿಟ್ಟ ಸ್ನಾಯು ವಾಸ್ತವವಾಗಿ ಜೊತೆಗಾರ. ಅದು ಸಡಿಲಿದರೆ ಚಲನೆ. ಅದು ತಡೆದರೆ ರಕ್ಷಣೆ.