ಹೊಕ್ಕುಳ ಸುತ್ತಲಿನ ಸೂಜಿಯಿಂದ ತೋಳಿನ ತ್ವಚೆಗೆ

ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ 14 ಸೂಜಿ ಎಂಬ ಮಾತನ್ನು ನಮ್ಮ ನಿಟ್ಟುವಳ್ಳಿಯಂಥ ಬಡಾವಣೆಗಳ ಹಿರಿಯರು ಇನ್ನೂ ಮರೆತಿಲ್ಲ. ಆ ಭಯ ಸುಳ್ಳಾಗಿರಲಿಲ್ಲ. ಅದು ಹೇಗೆ ನಿವಾರಣೆಯಾಯಿತೆಂಬುದು ನಮ್ಮ ನಾಡಿನ ವಿಜ್ಞಾನ ಚರಿತ್ರೆಯ ಒಂದು ಅಧ್ಯಾಯ.

1885ರ ಜುಲೈ 6ರಂದು ಲೂಯಿ ಪಾಶ್ಚರ್ ಅವರ ಲಸಿಕೆ 9 ವರ್ಷದ ಬಾಲಕ ಜೋಸೆಫ್ ಮೈಸ್ಟರ್‌ಗೆ ದೊರೆಯಿತು. ಭಾರತದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ 1907ರಲ್ಲಿ ಕೂನೂರಿನಲ್ಲಿಯೂ ಪಾಶ್ಚರ್ ಸಂಸ್ಥೆಗಳು ಹುಟ್ಟಿದವು. 1911ರಲ್ಲಿ ಡೇವಿಡ್ ಸೆಂಪಲ್ ಕಸೌಲಿಯಲ್ಲಿ, ರೇಬೀಸ್ ತಗುಲಿಸಿದ ಪ್ರಾಣಿಯ ಮೆದುಳಿನ ಅಂಶವನ್ನು ಕಾರ್ಬಾಲಿಕ್ ಆಮ್ಲದಿಂದ ನಿಷ್ಕ್ರಿಯಗೊಳಿಸಿ ಲಸಿಕೆ ಸಿದ್ಧಪಡಿಸಿದರು. ಮುಂದೆ ಕುರಿಯ ಮೆದುಳಿನಿಂದ ತಯಾರಾದ ಈ ಲಸಿಕೆ ಅಗ್ಗವಾಗಿತ್ತು. ಅಸಂಖ್ಯ ಜನರಿಗೆ ಆಸರೆಯಾಯಿತು. ಆದರೆ ಅದರಲ್ಲಿದ್ದ ನರಕೋಶದ ಅಂಶಗಳ ವಿರುದ್ಧ ಕೆಲವರ ರೋಗನಿರೋಧಕ ವ್ಯವಸ್ಥೆ ಕೆರಳಿ, ಅವರದೇ ನರಗಳ ಮೇಲೆ ತಿರುಗಿಬೀಳುತ್ತಿತ್ತು. ಪಾರ್ಶ್ವವಾಯು, ಕೆಲವೊಮ್ಮೆ ಮರಣವೂ ಸಂಭವಿಸುತ್ತಿತ್ತು.

ಕೋಶ ಕೃಷಿಯಿಂದ ತಯಾರಾದ ಸುರಕ್ಷಿತ ಲಸಿಕೆಗಳು ಬಂದರೂ ಬಡವರಿಗೆ ಅವು ಎಟುಕುತ್ತಿರಲಿಲ್ಲ. ಈ ಹೊತ್ತಿನಲ್ಲಿ, 1998ರಲ್ಲಿ, ಬೆಂಗಳೂರಿನಲ್ಲಿ ರೇಬೀಸ್ ತಡೆ ಮತ್ತು ನಿಯಂತ್ರಣ ಸಂಘ (ಎ.ಪಿ.ಸಿ.ಆರ್.ಐ.) ಸ್ಥಾಪನೆಗೊಂಡಿತು. ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಎಂ. ಕೆ. ಸುದರ್ಶನ್ ಅದರ ಸ್ಥಾಪಕ ಅಧ್ಯಕ್ಷರು. ವೈದ್ಯರು, ಪಶುವೈದ್ಯರು, ಸಂಶೋಧಕರು ಒಂದೇ ವೇದಿಕೆಗೆ ಬಂದರು. ಸಂಘವು ಸಮ್ಮೇಳನಗಳನ್ನು ನಡೆಸಿತು, ತನ್ನದೇ ಪತ್ರಿಕೆಯನ್ನು ಪ್ರಕಟಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 2003ರಲ್ಲಿ ಅದು ನಡೆಸಿದ ಸಮೀಕ್ಷೆ, ದೇಶದಲ್ಲಿ ವರ್ಷಕ್ಕೆ ಸುಮಾರು 20,000 ಜನ ರೇಬೀಸ್‌ನಿಂದ ಸಾಯುತ್ತಿದ್ದಾರೆಂದು ಅಂದಾಜಿಸಿತು. ಅಜ್ಞಾತವಾಗಿಯೇ ಮಣ್ಣಾಗುತ್ತಿದ್ದ ಬಡವರ ಸಾವು ಹೀಗೆ ಲೆಕ್ಕಕ್ಕೆ ಸಿಕ್ಕಿತು.

ಇನ್ನೊಂದು ಪ್ರಶ್ನೆ ಬೆಲೆಯದು. ತ್ವಚೆಯಲ್ಲಿ ರೋಗನಿರೋಧಕ ಪಹರೆಯ ಕೋಶಗಳು ಹೇರಳವಾಗಿರುವುದರಿಂದ ಅಲ್ಲಿ ಅಲ್ಪ ಪ್ರಮಾಣದ ಲಸಿಕೆಯೂ ಸಾಕಾಗಬಲ್ಲದು. ಥಾಯ್ಲೆಂಡಿನಲ್ಲಿ ಬಳಕೆಗೆ ಬಂದಿದ್ದ ಈ ಕ್ರಮವನ್ನು ಬೆಂಗಳೂರಿನ ಕೆಂಪೇಗೌಡ ಸಂಸ್ಥೆ ಮತ್ತು ನಿಮ್ಹಾನ್ಸ್‌ನ ಸಂಶೋಧಕರೂ ಪರೀಕ್ಷಿಸಿ, ರಕ್ತದಲ್ಲಿ ರಕ್ಷಕ ಪ್ರತಿಕಾಯಗಳು ಮೂಡುವುದನ್ನು ಅಳೆದರು. 2006ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಈ ಕ್ರಮಕ್ಕೆ ಸಮ್ಮತಿಯಿತ್ತರು. ಎರಡು ತೋಳುಗಳಲ್ಲಿ 0.1 ಮಿ.ಲೀ.ನಂತೆ, 0, 3, 7 ಮತ್ತು 28ನೆಯ ದಿನ: ಒಟ್ಟು 0.8 ಮಿ.ಲೀ. ಮಾತ್ರ. ಒಬ್ಬರಿಗೆ ಒಮ್ಮೆಗೆ ಬಳಸುತ್ತಿದ್ದ ಸೀಸೆ ಹಲವರಿಗೆ ಒದಗಿತು. ಅದಕ್ಕೆ ಮುನ್ನವೇ ಕುರಿ ಮೆದುಳಿನ ಲಸಿಕೆಯನ್ನು ದೇಶ ಕೈಬಿಟ್ಟಿತ್ತು.

2022-23ರ ರಾಷ್ಟ್ರೀಯ ಸಮೀಕ್ಷೆಯನ್ನಾಧರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವು ವಾರ್ಷಿಕ ಸಾವುಗಳನ್ನು 5,726 ಎಂದು ಅಂದಾಜಿಸಿದೆ. ಎರಡು ಸಮೀಕ್ಷೆಗಳ ವಿಧಾನ ಬೇರೆ. ಶ್ರೇಯಸ್ಸೂ ಒಂದೇ ಸಂಘದ್ದಲ್ಲ. ಆದರೂ ಇಳಿಮುಖ ಸ್ಪಷ್ಟ. ಉಳಿದ ಸಾವುಗಳನ್ನೂ ತಡೆಯಲು ಸಾಧ್ಯವೆಂಬುದೇ ನಮ್ಮನ್ನು ಕಾಡಬೇಕಾದ ಸಂಗತಿ. ಗಾಯಕ್ಕೆ ಸುಣ್ಣ, ಖಾರದಪುಡಿ ಮೆತ್ತದೆ 15 ನಿಮಿಷ ಸಾಬೂನು ನೀರಿನಿಂದ ತೊಳೆಯಬೇಕು. ತಡಮಾಡದೆ ಆಸ್ಪತ್ರೆಗೆ ಹೋಗಿ, ಹೇಳಿದ ದಿನಗಳಂದು ತಪ್ಪದೆ ಲಸಿಕೆ ಪಡೆಯಬೇಕು. ಗಾಯ ಆಳವಾಗಿದ್ದರೆ ಇಮ್ಯುನೋಗ್ಲಾಬ್ಯುಲಿನ್ ಕೂಡ ಅಗತ್ಯ.

ರೋಗಲಕ್ಷಣ ತೋರಿದ ಮೇಲೆ ಉಳಿದವರು ಅತಿ ವಿರಳ. ವಿಜ್ಞಾನಿಗಳು ದಶಕಗಳ ಕಾಲ ಶ್ರಮಿಸಿ ಲಸಿಕೆಯನ್ನು ಬಡವನ ಬಾಗಿಲವರೆಗೆ ತಂದಿದ್ದಾರೆ. ಕಚ್ಚಿಸಿಕೊಂಡ ನೆರೆಮನೆಯ ಮಗುವನ್ನು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ಮಾತ್ರ ನಮ್ಮದು.