ಯಂತ್ರಗಳ ಉಪಭಾಷೆ

ಆಡುವವರು ಇಲ್ಲವಾದಾಗ ಭಾಷೆ ಸಾಯುತ್ತದೆ ಎಂದು ಓದಿದ್ದೇವೆ. ಆಡುವವರಿದ್ದೂ ಕೇಳಿಸಿಕೊಳ್ಳುವವರು ಬಾಗಿಲು ಹಾಕಿಕೊಂಡರೆ? ಅಮಿಗಾ ಕಂಪ್ಯೂಟರಿನ ಚರಿತ್ರೆ ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

1985ರಲ್ಲಿ ನ್ಯೂಯಾರ್ಕಿನಲ್ಲಿ ಅಮಿಗಾ ಬಿಡುಗಡೆಯಾದಾಗ ಕಲಾವಿದ ಆಂಡಿ ವಾರ್ಹೋಲ್ ವೇದಿಕೆಯ ಮೇಲೆಯೇ ಅದರಲ್ಲಿ ಗಾಯಕಿ ಡೆಬಿ ಹ್ಯಾರಿಯ ಚಿತ್ರ ಬಿಡಿಸಿದ್ದರು. 1994ರಲ್ಲಿ ಅದನ್ನು ಮಾಡಿದ ಕಮೊಡೋರ್ ಕಂಪನಿ ದಿವಾಳಿಯಾಯಿತು. ಬಳಸುವವರು ಮಾತ್ರ ಕೈಬಿಡಲಿಲ್ಲ. 2021ರಲ್ಲೂ ಅದರ ಆಪರೇಟಿಂಗ್ ಸಿಸ್ಟಂನ ಹೊಸ ಆವೃತ್ತಿ ಬಂತು.

ಆದರೆ ಒಂಟಿಯಾಗಿ ಬದುಕುವ ಕಂಪ್ಯೂಟರ್ ಇಂದು ಯಾವುದಿದೆ? ಪಕ್ಕದ ಯಂತ್ರದ ಫೈಲುಗಳನ್ನು ತೆರೆಯಲು ಎಸ್‌ಎಂಬಿ ಎಂಬ ಮಾತುಕತೆಯ ಕ್ರಮವಿದೆ. 1980ರ ದಶಕದಲ್ಲಿ ಐಬಿಎಂನ ಬ್ಯಾರಿ ಫೈಗೆನ್‌ಬಾಮ್ ಇದನ್ನು ರೂಪಿಸಿದರು, ಮೈಕ್ರೋಸಾಫ್ಟ್ ಬೆಳೆಸಿತು. ಇದರ ಆವೃತ್ತಿಗಳನ್ನು ತಜ್ಞರು ಕರೆಯುವುದೇ ಉಪಭಾಷೆಗಳೆಂದು. ಎರಡು ಯಂತ್ರಗಳು ಭೇಟಿಯಾದಾಗ ಮೊದಲನೆಯದು ತನಗೆ ಬರುವ ಉಪಭಾಷೆಗಳನ್ನು ಹೇಳುತ್ತದೆ, ಎರಡನೆಯದು ಅವುಗಳಲ್ಲಿ ಒಂದನ್ನು ಆರಿಸುತ್ತದೆ. ಯಾವುದೂ ಹೊಂದದಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಈ ಭಾಷೆಯನ್ನು ಹೊರಗಿನವರು ಕಲಿತ ಬಗೆ ಸ್ವಾರಸ್ಯಕರ. 1990ರ ದಶಕದ ಆರಂಭದಲ್ಲಿ ಕ್ಯಾನ್‌ಬೆರಾದ ವಿದ್ಯಾರ್ಥಿ ಆಂಡ್ರ್ಯೂ ಟ್ರಿಜೆಲ್, ಯಂತ್ರಗಳ ನಡುವೆ ಓಡಾಡುವ ಸಂದೇಶಗಳನ್ನು ಗಮನಿಸಿಯೇ ಅದನ್ನು ಬಿಡಿಸಿದರು. ಫ್ರೆಂಚ್ ಬಾರದವನು ಫ್ರೆಂಚ್ ಹೋಟೆಲಿನಲ್ಲಿ ಕೂತು, ಪಕ್ಕದ ಮೇಜಿನವರು ಏನು ಹೇಳಿದರೆ ಏನು ಬರುತ್ತದೆ ಎಂದು ನೋಡುತ್ತ ಕಲಿತಂತೆ ಎಂದು ಅವರೇ ವಿವರಿಸಿದ್ದಾರೆ. ಹಾಗೆ ಹುಟ್ಟಿದ ತಂತ್ರಾಂಶಕ್ಕೆ, ನಿಘಂಟಿನ ಪದಪಟ್ಟಿಯಲ್ಲಿ ಎಸ್, ಎಂ, ಬಿ ಅಕ್ಷರಗಳಿರುವ ಪದ ಹುಡುಕಿ, 'ಸಾಂಬಾ' ಎಂದು ಹೆಸರಿಟ್ಟರು. ಲಿನಕ್ಸ್, ಅಮಿಗಾದಂಥ ಹೊರಗಿನವರೂ ಹೀಗೆ ಮಾತುಕತೆಗೆ ಸೇರಿಕೊಂಡರು.

2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಎಸ್‌ಎಂಬಿಯ ಮೊದಲ ಆವೃತ್ತಿಯ ದೋಷವೊಂದನ್ನು ಹಿಡಿದು ನೂರೈವತ್ತು ದೇಶಗಳಿಗೆ ಹಬ್ಬಿತು. ಬ್ರಿಟನ್ನಿನ ಆಸ್ಪತ್ರೆಗಳೂ ತತ್ತರಿಸಿದವು. ಅದೇ ವರ್ಷದ ಕೊನೆಯ ಹೊತ್ತಿಗೆ ಹೊಸ ವಿಂಡೋಸ್ 10ರಲ್ಲಿ ಆ ಹಳೆಯ ಆವೃತ್ತಿ ತಾನಾಗಿ ಬರುವುದು ನಿಂತಿತು. 2019ರಲ್ಲಿ ಸಾಂಬಾ ಕೂಡ ಅದನ್ನು ಬದಿಗಿಟ್ಟಿತು. ತಪ್ಪೇನಲ್ಲ, ಮುರುಕು ಬೀಗದ ಬಾಗಿಲನ್ನು ಮುಚ್ಚಲೇಬೇಕು. ಆದರೆ ಆ ಬಾಗಿಲಿನಿಂದಷ್ಟೇ ಬರಲು ಗೊತ್ತಿದ್ದ ಅಮಿಗಾ ಹೊರಗುಳಿಯಿತು.

ಬಿಡುಗಡೆಯ ದಾರಿ ಹತ್ತು ವರ್ಷ ಮೊದಲೇ ತೆರೆದಿತ್ತು. ಯುರೋಪಿನ ನ್ಯಾಯಾಲಯದ ತೀರ್ಪಿನ ಬೆನ್ನಿಗೇ, 2007ರ ಡಿಸೆಂಬರಿನಲ್ಲಿ, ಹತ್ತು ಸಾವಿರ ಯೂರೋ ಶುಲ್ಕಕ್ಕೆ ಮೈಕ್ರೋಸಾಫ್ಟ್‌ನ ದಾಖಲೆಗಳು ಸಾಂಬಾದವರ ಕೈಸೇರುವಂತಾಯಿತು. ಮುಂದೆ ಅವು ಸಾರ್ವಜನಿಕವೂ ಆದವು. ಕದ್ದು ಕೇಳಿ ಕಲಿಯಬೇಕಾಗಿದ್ದ ಭಾಷೆಗೆ ವ್ಯಾಕರಣ ಸಿಕ್ಕಿತು. ಎಸ್‌ಎಂಬಿಯ ಎರಡನೇ ಆವೃತ್ತಿ ಸರಳವೂ ಆಗಿತ್ತು: ನೂರಕ್ಕೂ ಮಿಕ್ಕ ಆಜ್ಞೆಗಳು ಹತ್ತೊಂಬತ್ತಕ್ಕೆ ಇಳಿದಿದ್ದವು. ರಾನಿ ಸಾಲ್‌ಬರ್ಗ್ ಬರೆದ 'ಲಿಬ್‌ಎಸ್‌ಎಂಬಿ2' ಎಂಬ ಪುಟ್ಟ ಮುಕ್ತ ತಂತ್ರಾಂಶದ ಆಸರೆಯಲ್ಲಿ, ಒಬ್ಬ ಅಭಿಮಾನಿ ಅಮಿಗಾಕ್ಕೆ ಹೊಸ ಉಪಭಾಷೆ ಕಲಿಸಿದರು. ದೂರದ ಫೋಲ್ಡರು ಈಗ ಅದಕ್ಕೆ ತನ್ನದೇ ಡಿಸ್ಕಿನಂತೆ ಕಾಣುತ್ತದೆ. ಗೂಢಲಿಪಿಯ ಲೆಕ್ಕಗಳು ಹಳೆಯ ಪ್ರೊಸೆಸರಿಗೆ ಭಾರವೇ, ಆದರೂ ಮಾತು ಸಾಗುತ್ತದೆ.

ಸಣ್ಣ ಭಾಷಿಕರು ದೊಡ್ಡವರೊಡನೆ ಬದುಕಲು ತಮ್ಮತನ ಬಿಡಬೇಕಿಲ್ಲ, ದೊಡ್ಡವರು ತಮ್ಮ ವ್ಯಾಕರಣವನ್ನು ಬಚ್ಚಿಡದಿದ್ದರೆ ಸಾಕು. ಕಲಿಯುವ ಕಷ್ಟವನ್ನು ಸಣ್ಣವರು ತಾವೇ ಪಡುತ್ತಾರೆ.